ಬಿ.ಪಿ. ಇಳಿಯದ ರೆಫರಿ

ಸೆನಾನು ಅಮೆಗಾಶಿಗೆ ಜನ ಇಟ್ಟ ಅಡ್ಡಹೆಸರು ‘ಗೂಟ’. ಒಮ್ಮೆ ಸೀಟಿ ಊದಿದನೆಂದರೆ ಮುಗಿಯಿತು, ಆಟಗಾರರೆಲ್ಲ ಸುತ್ತುಗಟ್ಟಿ ಕೂಗಾಡಿದರೂ ನೆಟ್ಟ ಗೂಟದ ಹಾಗೆ ನಿಂತಿರುತ್ತಿದ್ದ. ವಾರವೆಲ್ಲ ತೆಗ್ಬೆಕೊಪೆಯ ಶಾಲೆಯಲ್ಲಿ ಅವನು ಡ್ರಿಲ್ ಮೇಷ್ಟ್ರು. ಶನಿವಾರ ಬಂತೆಂದರೆ ಕರಿ ಚಡ್ಡಿ, ಕರಿ ಅಂಗಿ ತೊಟ್ಟು, ಕೇಟಾ ಹಿನ್ನೀರಿಗೂ ಸಮುದ್ರಕ್ಕೂ ನಡುವೆ ಚಾಚಿಕೊಂಡ ಮರಳ ಪಟ್ಟಿಯ ಊರೂರಿಗೆ ಹೋಗಿ ಫುಟ್‌ಬಾಲ್ ಪಂದ್ಯಗಳಿಗೆ ರೆಫರಿಯಾಗುತ್ತಿದ್ದ. ಒಮ್ಮೆ ಹೆಂಡತಿಯ ತಮ್ಮನಿಗೇ ಕೆಂಪು ಕಾರ್ಡ್ ತೋರಿಸಿದ. ಆ ವರ್ಷ ಮಾವನ ಮನೆಯಲ್ಲಿ ಹೆಂಡತಿಯ ದೊಡ್ಡಪ್ಪನ ಉತ್ತರಕ್ರಿಯೆ ನಡೆದಾಗ ಅವನಿಗೊಂದು ಕುರ್ಚಿ ಕೊಟ್ಟವರಿಲ್ಲ. ಅವನು ತೆಂಗಿನ ಮರಕ್ಕೆ ಒರಗಿ ನಿಂತೇ ಊಟ ಮಾಡಿ ಬಂದ. “ಹಿಂದಿನಿಂದ ಬಂದು ಕಾಲಿಗೆ ಒದ್ದ. ನಾನು ಕಣ್ಣಾರೆ ನೋಡಿದೆ” ಎಂದಷ್ಟೇ ಹೇಳಿದ.

ಇಂಥ ಮನುಷ್ಯನಿಗೆ ಸುಳ್ಳುಗಾರನೆಂಬ ಹೆಸರು ಬಂದದ್ದು ರಕ್ತದೊತ್ತಡದ ದೆಸೆಯಿಂದ.

ನಲವತ್ತು ದಾಟಿದ ಮೇಲೆ ಅವನಿಗೆ ತಲೆನೋವು ಶುರುವಾಗಿತ್ತು. ಊರಿನ ಆರೋಗ್ಯ ಕೇಂದ್ರದ ನರ್ಸ್ ವಿದಾ ತೋಳಿಗೆ ಪಟ್ಟಿ ಸುತ್ತಿ ನೋಡಿ, ಬಿ.ಪಿ. ಜಾಸ್ತಿ ಇದೆಯೆಂದು ಒಂದು ಮಾತ್ರೆ ಕೊಟ್ಟಳು. ಅದು ಇಳಿಯಲಿಲ್ಲ. ಇನ್ನೊಂದು ಸೇರಿಸಿದಳು. ಅದಕ್ಕೂ ಜಗ್ಗಲಿಲ್ಲ. ಉಪ್ಪು ಬಿಡಿ ಎಂದಳು. ಮನೆಯಲ್ಲಿ ಉಪ್ಪಿನ ಡಬ್ಬಿ ಅಟ್ಟ ಸೇರಿತು. ಮೆಕ್ಕೆಜೋಳದ ಹಿಟ್ಟಿನ ಬಿಸಿ ಅಕ್ಪ್ಲೆ ಮುದ್ದೆಯನ್ನು ಸಪ್ಪೆ ಬೆಂಡೆಕಾಯಿ ಸಾರಿನಲ್ಲಿ ಅದ್ದಿ, ಮುಖ ಕಿವುಚಿಕೊಂಡು ನುಂಗುವುದು ರೂಢಿಯಾಯಿತು. ಬಿ.ಪಿ. ಮಾತ್ರ ಇದ್ದಲ್ಲೇ ಇತ್ತು.

ವಿದಾ ಒಳ್ಳೆಯ ಹುಡುಗಿಯೇ. ಆದರೆ ದಿನಕ್ಕೆ ಅಷ್ಟು ಜನರನ್ನು ನೋಡಿ ನೋಡಿ ಅವಳಿಗೆ ಗಂಡಸರ ಮಾತಿನಲ್ಲಿ ನಂಬಿಕೆ ಹೋಗಿತ್ತು.

“ಮೇಷ್ಟ್ರೇ, ನಿಜ ಹೇಳಿ. ಮಾತ್ರೆ ನೀವು ನುಂಗ್ತೀರೋ, ಕೋಳಿಗೆ ಹಾಕ್ತೀರೋ?”

“ದಿನಾ ನುಂಗ್ತೀನಮ್ಮ.”

“ಎಲ್ರೂ ಹೀಗೇ ಹೇಳೋದು. ಇಲ್ಲಿಗೆ ಬರೋ ಹಿಂದಿನ ದಿನ ಒಂದು ಬಾಯಿಗೆ ಹಾಕ್ಕೊಂಡು, ತಿಂಗಳೆಲ್ಲ ತಗೊಂಡೆ ಅಂತಾರೆ. ತಗೊಂಡಿದ್ರೆ ಮುಳ್ಳು ಇಷ್ಟು ಮೇಲೆ ನಿಲ್ತಿತ್ತಾ?”

ಹೊರಗೆ ಬೆಂಚಿನ ಮೇಲೆ ಕಾದು ಕುಳಿತಿದ್ದ ಹೆಂಗಸರು ಕಿಸಕ್ಕೆಂದರು. ಅವರಲ್ಲಿ ಇಬ್ಬರು ಅವನ ಶಾಲೆಯ ಮಕ್ಕಳ ತಾಯಂದಿರು. ಸೆನಾನುವಿನ ಕಿವಿ ಬಿಸಿಯಾಯಿತು. ಮೈದಾನದಲ್ಲಿ ಯಾರು ಏನು ಬೈದರೂ ತಾಕದವನಿಗೆ ಈ ಮಾತು ಚುಚ್ಚಿತು.

ಮನೆಯಲ್ಲೂ ಅದೇ ಕಥೆ. ಹೆಂಡತಿ ಮವುಸಿ ಮರಳಿನಲ್ಲಿ ಪಾತಿ ಮಾಡಿ ಸಣ್ಣ ಈರುಳ್ಳಿ ಬೆಳೆಯುವವಳು. ಬಿಸಿಲಿನಲ್ಲಿ ಬಗ್ಗಿ ದುಡಿದು ಬಂದವಳಿಗೆ ಮಾತು ಹದ ಮಾಡುವಷ್ಟು ತಾಳ್ಮೆ ಇರುತ್ತಿರಲಿಲ್ಲ.

“ನಿನಗೇನು ಕಮ್ಮಿ ಮಾಡಿದೀನಿ ಅಂತ ಸಾಯೋಕೆ ಹೊರಟಿದೀಯ, ಎಸಿನಮ್ ಅಪ್ಪ?” ಎಸಿನಮ್ ಅವರ ಮಗಳು, ಮದುವೆಯಾಗಿ ರಾಜಧಾನಿ ಅಕ್ರಾದಲ್ಲಿದ್ದಳು. “ಈ ಮಾತ್ರೆ ತಿಂದ್ರೆ ಗಂಡಸ್ತನ ಹೋಗುತ್ತೆ ಅಂತ ಗಂಡಸ್ರು ಬಿಸಾಕ್ತಾರಂತೆ. ನೀನೂ ಆ ಜಾತಿನಾ?”

“ನುಂಗ್ತಿದೀನಿ ಅಂದ್ನಲ್ಲೇ.”

“ಹಾಗಾದ್ರೆ ಬಾಯಿ ತೆಗಿ.”

ಅಂದಿನಿಂದ ಬೆಳಗ್ಗೆ ಅವಳೇ ಮಾತ್ರೆ ಕೊಟ್ಟು, ನೀರು ಕುಡಿಸಿ, ಬಾಯಿ ತೆರೆಸಿ, ನಾಲಿಗೆ ಎತ್ತಿಸಿ ನೋಡಿದಳು. ಆದರೂ ಬಿ.ಪಿ. ಇಳಿಯಲಿಲ್ಲ. ಅವಳ ಅನುಮಾನವೂ ಇಳಿಯಲಿಲ್ಲ. ಹಿತ್ತಲಿಗೆ ಹೋಗಿ ಉಗುಳುತ್ತಾನೆಂದು ತೀರ್ಮಾನಿಸಿದಳು. ಒಂದೆರಡು ಬಾರಿ ಬೇಲಿಯ ಮರೆಯಿಂದ ಹಣಕಿಯೂ ನೋಡಿದಳು. ಕಂಡದ್ದು ಗಂಡ ಉಚ್ಚೆ ಹೊಯ್ಯುವುದೊಂದೇ. ಆಗೆಲ್ಲ ಅವನಿಗೆ ಬಾಯಾರಿಕೆಯೂ ಜಾಸ್ತಿ, ಮೂತ್ರವೂ ಜಾಸ್ತಿ. ಅದನ್ನು ಯಾರೂ ರೋಗದ ಲೆಕ್ಕಕ್ಕೆ ಹಿಡಿಯಲಿಲ್ಲ.

ಕೊನೆಗೆ ವಿದಾ ಮೂರನೆಯದಾಗಿ, ಮೂತ್ರ ಹೆಚ್ಚಿಸಿ ಮೈಯ ನೀರು ಹೋಗಿಸುವ ಮಾತ್ರೆ ಬರೆದುಕೊಟ್ಟಳು. ಅದಾದ ಮೇಲೆ ಅವನ ಕಾಲುಗಳಲ್ಲಿ ಕಸುವು ಕಡಿಮೆಯಾಗುತ್ತ ಬಂತು. ಮಕ್ಕಳಿಗೆ ಬಸ್ಕಿ ಹೊಡೆದು ತೋರಿಸಲು ಕುಳಿತರೆ ಏಳಲು ನೆಲಕ್ಕೆ ಕೈಯೂರಬೇಕು. ಸೀಮೆಸುಣ್ಣ ಹಿಡಿದ ಬೆರಳು ಮಡಚಿದಲ್ಲೇ ಸೆಟೆದು ನಿಲ್ಲುವುದು. ವಯಸ್ಸಾಯಿತು ಎಂದುಕೊಂಡ. ಯಾರಿಗಾದರೂ ಹೇಳಿದರೆ ‘ಮಾತ್ರೆ ನುಂಗು’ ಎಂಬ ಪಾಠವೇ ಮತ್ತೆ ಕೇಳಬೇಕೆಂದು ಸುಮ್ಮನಿದ್ದ.

ಆ ವರ್ಷದ ಸೆಮಿಫೈನಲ್ ಅಫೆಲಿಕೊಪೆಯಲ್ಲಿ. ಅಫೆಲಿಕೊಪೆಯವರಿಗೂ ಟೊವಿಕೊಪೆಯ ಬೆಸ್ತರಿಗೂ ಆಟ. ಬೆಳಗ್ಗೆ ತೆಗ್ಬೆಕೊಪೆಯಲ್ಲೊಂದು ಉತ್ತರಕ್ರಿಯೆ ಇತ್ತು. ಸೆನಾನು ಅಲ್ಲಿಗೆ ಹೋಗಿ, ಮಧ್ಯಾಹ್ನದ ಊಟಕ್ಕೆ ಬಹಳ ದಿನಗಳ ಮೇಲೆ ಉಪ್ಪು ಖಾರ ಕಂಡ ಸಾರಿನಲ್ಲಿ ಅಕ್ಪ್ಲೆಯನ್ನು ಹೊಟ್ಟೆ ಬಿರಿಯೆ ತಿಂದು, ಅಲ್ಲಿಂದ ನೇರ ಮೈದಾನಕ್ಕೆ ಬಂದ. ಜೊತೆಗೆ ಲೈನ್ಸ್‌ಮನ್ ಫೊಲಿ. ಕಸುಬಿನಲ್ಲಿ ಕ್ಷೌರಿಕ, ಬಾಯಿ ಹರುಕ, ಸೆನಾನುವಿನ ಬಾಲ್ಯದ ಗೆಳೆಯ.

ಆಟ ಮುಗಿಯುವ ಹೊತ್ತಿಗೂ ಒಂದೊಂದು ಗೋಲು, ಸಮ. ಅಫೆಲಿಕೊಪೆಯ ಡಿಫೆಂಡರ್ ಗೋಲಿನ ಮುಂದೆ ಚೆಂಡನ್ನು ಮೊಣಕೈಯಿಂದ ತಳ್ಳಿದ. ಸೆನಾನು ಸೀಟಿ ಊದಿ ಪೆನಾಲ್ಟಿ ಕೊಟ್ಟ. ಚೆಂಡಿಡುವ ಜಾಗದ ಕಡೆಗೆ ಓಡಿದವನು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ, ಯಾರೋ ಕಾಲಿನೊಳಗಿನ ಮೂಳೆ ಎಳೆದುಕೊಂಡ ಹಾಗೆ ಕುಸಿದು ಕುಳಿತ. ಏಳಲು ನೋಡಿದ. ಸೊಂಟದಿಂದ ಕೆಳಗೆ ಮೈ ಮಾತು ಕೇಳಲಿಲ್ಲ. ಎದೆ ಮಾತ್ರ ಎರಡು ಸಲ ಹೊಡೆದುಕೊಂಡು ಒಂದು ಸಲ ಸುಮ್ಮನಾಗುತ್ತಿತ್ತು.

ಫೊಲಿ ಬಾವುಟ ಬಿಸಾಡಿ ಓಡಿ ಬಂದ. “ಏಳೋ ಗೂಟ! ಏನಾಯ್ತೋ?”

“ಏಳಕ್ಕಾಗ್ತಿಲ್ಲ ಕಣೋ.”

“ಅಯ್ಯೋ, ಹೊಡೀತಾರೆ ಕಣೋ ಇವ್ರು. ಏಳು!”

“ಕಾಲು ಬರ್ತಿಲ್ಲ ಫೊಲಿ. ಆದ್ರೆ ಪೆನಾಲ್ಟಿ ಪೆನಾಲ್ಟೀನೇ,” ಎಂದು ಸೆನಾನು ಕುಳಿತಲ್ಲಿಂದಲೇ ಕೈ ಚಾಚಿ ಆ ಜಾಗ ತೋರಿಸಿದ.

ಗೆರೆಯಾಚೆ ನಿಂತಿದ್ದ ಮುದುಕಿಯೊಬ್ಬಳು ಎರಡೂ ಕೈ ಮೇಲೆತ್ತಿದಳು. “ನೋಡ್ರೋ ನೋಡ್ರೋ! ಸುಳ್ಳು ಪೆನಾಲ್ಟಿ ಕೊಟ್ಟ, ನಮ್ಮ ಹಿರಿಯರು ಅಲ್ಲೇ ಕಾಲು ಕಿತ್ಕೊಂಡ್ರು!”

“ಟೊವಿಕೊಪೆಯವರ ಮೀನು ಎಷ್ಟು ಬುಟ್ಟಿ ಬಂತೋ ಮನೆಗೆ?” ಎಂದು ಇನ್ನೊಬ್ಬ.

ಫೊಲಿ ಗೆಳೆಯನ ಕೊರಳಿನ ಸೀಟಿ ಬಿಚ್ಚಿಕೊಂಡು ತಾನೇ ಊದಿದ. ಟೊವಿಕೊಪೆಯವರು ಗೋಲು ಹೊಡೆದು ಗೆದ್ದರು. ಸಿಮೆಂಟು ಚೀಲ ಸಾಗಿಸುವ ಮೂರು ಗಾಲಿಯ ಗಾಡಿಯಲ್ಲಿ ಸೆನಾನುವನ್ನು ಮಲಗಿಸಿಕೊಂಡು ಜಿಲ್ಲಾ ಆಸ್ಪತ್ರೆಗೆ ಹೊರಟಾಗ ಹಿಂದಿನಿಂದ ಎರಡು ತೆಂಗಿನ ಚಿಪ್ಪು ಬಂದು ಬಿದ್ದವು. ಒಂದು ಫೊಲಿಯ ಬೆನ್ನಿಗೆ ತಾಗಿತು.

ಆಸ್ಪತ್ರೆಯಲ್ಲಿದ್ದವಳು ಉತ್ತರದ ಕಡೆಯಿಂದ ಬಂದ ಚಿಕ್ಕ ವಯಸ್ಸಿನ ಡಾಕ್ಟರ್, ಅಯಾಮ್ಗಾ. ರಕ್ತ ತೆಗೆಸಿ ನೋಡಿದರೆ, ಸ್ನಾಯುಗಳಿಗೆ ಬೇಕಾದ ಪೊಟ್ಯಾಷಿಯಂ ಇರಬೇಕಾದ್ದರಲ್ಲಿ ಅರ್ಧದಷ್ಟೂ ಇಲ್ಲ. ನಿಧಾನವಾಗಿ ಡ್ರಿಪ್ಪಿನಲ್ಲಿ ಅದನ್ನು ತುಂಬಿಸಿದರು. ಮರುದಿನ ಮಧ್ಯಾಹ್ನ ಸೆನಾನು ಕಾಲ್ಬೆರಳು ಅಲ್ಲಾಡಿಸಿದ; ಸಂಜೆ ಎದ್ದು ನಿಂತ.

ಡಾಕ್ಟರ್ ಅವನ ಮಾತ್ರೆಗಳನ್ನು ಮಂಚದ ಮೇಲೆ ಸುರಿದುಕೊಂಡು ಮವುಸಿಯನ್ನು ಕೇಳಿದಳು: “ಇವೆಲ್ಲ ಸರಿಯಾಗಿ ತಗೋತಾರಾ?”

ಮವುಸಿ ಗಂಡನ ಮುಖ ನೋಡಿದಳು. “ದಿನಾ ನನ್ನ ಕೈಯಾರೆ ಕೊಡ್ತೀನಿ, ಡಾಕ್ಟ್ರೇ. ಬಾಯಿ ತೆಗೆಸಿ ನೋಡ್ತೀನಿ. ಆಮೇಲೆ ಉಗುಳ್ತಾನೋ ಏನೋ ನಂಗೊತ್ತಿಲ್ಲ.”

“ಉಗುಳಿಲ್ಲಮ್ಮ. ನುಂಗಿದ್ದಕ್ಕೇ ಹೀಗಾಗಿರೋದು. ಈ ನೀರು ಹೋಗ್ಸೋ ಮಾತ್ರೆ ಇದ್ದಬದ್ದ ಪೊಟ್ಯಾಷಿಯಂನೂ ಬಸಿದು ಹಾಕಿದೆ. ಇದು ಮಾಮೂಲಿ ಬಿ.ಪಿ. ಅಲ್ಲ ಅನ್ಸುತ್ತೆ.”

ಅವಳು ಒಂದು ಕಾಗದದ ಹಿಂದೆ ಎರಡು ಮೂತ್ರಪಿಂಡ ಬರೆದು, ಒಂದೊಂದರ ತಲೆಗೂ ಟೊಪ್ಪಿಗೆ ಇಟ್ಟಳು. ಆ ಟೊಪ್ಪಿಗೆಯೇ ಅಡ್ರಿನಲ್ ಗ್ರಂಥಿ. ಉಪ್ಪು ಹಿಡಿದಿಟ್ಟುಕೋ, ಪೊಟ್ಯಾಷಿಯಂ ಹೊರಗೆ ಹಾಕು ಎಂದು ಮೂತ್ರಪಿಂಡಕ್ಕೆ ಹೇಳುವ ರಸ ಅಲ್ಲಿ ಊರುತ್ತದೆ. ಬೇಕಾದಾಗ ಊರಿ, ಸಾಕಾದಾಗ ನಿಲ್ಲಬೇಕು. ಇವನಲ್ಲಿ ನಿಲ್ಲದೆ ಊರುತ್ತಿರಬೇಕು.

“ಆದ್ರೆ ನಮ್ಮನೇಲಿ ಉಪ್ಪೇ ಬಿಟ್ಟಿದೀವಲ್ಲ?” ಎಂದಳು ಮವುಸಿ.

“ಬಿಟ್ಟಿದ್ದು ಒಳ್ಳೇದೇ. ಆದ್ರೆ ಬರೋ ಚೂರುಪಾರನ್ನೂ ಇವ್ರ ಮೈ ಬಿಗಿಯಾಗಿ ಹಿಡ್ಕೊಂಡು ಕೂತ್ರೆ ಏನ್ಮಾಡ್ತೀರಿ? ನಾನೂ ಪುಸ್ತಕದಲ್ಲಿ ಓದಿದ್ದಷ್ಟೇ. ಎದುರಿಗೆ ನೋಡ್ತಿರೋದು ಇದೇ ಮೊದಲು. ಅಕ್ರಾಗೆ ರಕ್ತ ಕಳಿಸಿ ಖಾತ್ರಿ ಮಾಡ್ಕೊಳೋಣ.”

ಸೆನಾನು ಮೆಲ್ಲಗೆ ಕೇಳಿದ: “ಹಾಗಾದ್ರೆ... ನಾನು ಸುಳ್ಳು ಹೇಳಿರ್ಲಿಲ್ಲ ಅಂತ ಆಯ್ತಲ್ವಾ, ಡಾಕ್ಟ್ರೇ?”

“ಖಂಡಿತ ಇಲ್ಲ ಮೇಷ್ಟ್ರೇ.”

ಅವನು ಗೋಡೆಯ ಕಡೆ ಹೊರಳಿ ಮಲಗಿದ. ಮವುಸಿ ಅವನ ಭುಜದ ಮೇಲೆ ಕೈಯಿಟ್ಟಳು. ಆ ಭುಜ ಬಹಳ ಹೊತ್ತು ಅದುರುತ್ತಲೇ ಇತ್ತು.

ಅಕ್ರಾದ ಪರೀಕ್ಷೆ ಅಯಾಮ್ಗಾಳ ಅನುಮಾನವನ್ನೇ ಗಟ್ಟಿ ಮಾಡಿತು. ಸ್ಕ್ಯಾನಿನಲ್ಲಿ ಎಡಗಡೆಯ ಗ್ರಂಥಿಯ ಮೇಲೆ ಕಡಲೆಕಾಯಿ ಬೀಜಕ್ಕಿಂತ ತುಸು ದೊಡ್ಡ ಗಂಟು ಕಂಡಿತು. ಕ್ಯಾನ್ಸರ್ ಅಲ್ಲ. ಶಸ್ತ್ರಚಿಕಿತ್ಸೆ ಮಾಡಿಸಿ ಆ ಗ್ರಂಥಿಯನ್ನೇ ತೆಗೆಸಬಹುದು. ಇನ್ನೊಂದು ಗ್ರಂಥಿ ಸಾಕಾಗುತ್ತದೆ. ಇಲ್ಲವೆಂದರೆ ಆ ರಸದ ಕೆಲಸಕ್ಕೆ ಅಡ್ಡ ನಿಲ್ಲುವ ಬೇರೆ ಮಾತ್ರೆಯೊಂದನ್ನು ಜೀವಮಾನವಿಡೀ ನುಂಗಬೇಕು. ಸೆನಾನು ಹೊಟ್ಟೆ ಕೊಯ್ಯಿಸಿಕೊಳ್ಳುವ ಮಾತಿಗೇ ಬೆವರಿದ. ಮಾತ್ರೆಯೇ ಇರಲಿ ಎಂದ.

ಮಾತ್ರೆ ಕೆಲಸ ಮಾಡಿತು. ವರ್ಷಗಟ್ಟಲೆ ಜಗ್ಗದಿದ್ದ ಬಿ.ಪಿ. ಕೆಲವು ವಾರಗಳಲ್ಲಿ ಇಳಿಯಿತು. ಕಾಲಿಗೆ ಕಸುವು ಬಂತು. ವಿದಾ ಮನೆಗೇ ಬಂದು, ಅಂಗಳದಲ್ಲಿ ನಿಂತು, “ತಪ್ಪಾಯ್ತು ಮೇಷ್ಟ್ರೇ. ಅಷ್ಟು ಜನರ ಮುಂದೆ ನಿಮ್ಮನ್ನ ಅನ್ಬಾರ್ದಿತ್ತು” ಎಂದಳು. ಮವುಸಿಯಂತೂ ಸಂತೆಯಲ್ಲಿ ಈರುಳ್ಳಿ ಕಟ್ಟು ಮಾರುತ್ತ, ಕೇಳಿದವರಿಗೂ ಕೇಳದವರಿಗೂ, “ನನ್ನ ಗಂಡ ಒಂದು ದಿನ ಒಂದು ಮಾತ್ರೆ ತಪ್ಪಿಸಿದವನಲ್ಲ” ಎಂದು ಸಾರಿದಳು. ಬಾಯಿ ತೆರೆಸಿ ನೋಡುವ ಪದ್ಧತಿ ನಿಂತಿತು.

ಆರು ತಿಂಗಳು ಕಳೆದಿರಬೇಕು. ಮಕ್ಕಳಿಗೆ ಎದೆಯ ಮೇಲೆ ಚೆಂಡು ತಡೆಯುವುದನ್ನು ತೋರಿಸಲು ಹೋಗಿ ಸೆನಾನು ನೋವಿಗೆ ಹಲ್ಲು ಕಚ್ಚಿದ. ಮನೆಯಲ್ಲಿ ಬಾಗಿಲು ಹಾಕಿಕೊಂಡು ಮುಟ್ಟಿ ನೋಡಿಕೊಂಡ. ಎರಡೂ ಮೊಲೆತೊಟ್ಟಿನ ಕೆಳಗೆ ಗಟ್ಟಿ ಗಂಟು, ಎದೆ ಉಬ್ಬಿತ್ತು. ವಾರ ವಾರಕ್ಕೆ ಇನ್ನಷ್ಟು ಉಬ್ಬಿತು. ಸೆಕೆಯಲ್ಲೂ ಅಂಗಿಯೊಳಗೆ ಎರಡು ಬನಿಯನ್ ಹಾಕತೊಡಗಿದ.

ಒಂದು ಶನಿವಾರ ಬಟ್ಟೆ ಬದಲಿಸುವಾಗ ಫೊಲಿಯ ಕಣ್ಣಿಗೆ ಬಿತ್ತು.

“ಏನೋ ಇದು! ಗೂಟ ಚಿಗುರಿದೆಯಲ್ಲೋ!”

“ಬಾಯಿ ಮುಚ್ಚೋ.”

“ಇಲ್ಲ ಕಣೋ, ನನ್ನ ಹೆಂಡ್ತಿಗಿಂತ...” ಎಂದವನು ಗೆಳೆಯನ ಮುಖ ಕಂಡು ಅರ್ಧಕ್ಕೇ ನುಂಗಿಕೊಂಡ. ಆದರೆ ಪಕ್ಕದ ಗೋಡೆಯ ಹಿಂದೆ ಆಟಗಾರರಿದ್ದರು. ಆ ದಿನ ಒಂದು ಆಫ್‌ಸೈಡ್ ಕೊಟ್ಟ ತಕ್ಷಣ ಜನರ ನಡುವಿನಿಂದ ಕೂಗು ಬಂತು: “ರೆಫರಿಯಮ್ಮಾ! ಮಗು ಅಳ್ತಿದೆ, ಹೋಗಿ ಹಾಲು ಕೊಡು!”

ಸೆನಾನು ಆ ಆಟ ಮುಗಿಸಿದ. ಮರುದಿನದಿಂದ ಮಾತ್ರೆ ನಿಲ್ಲಿಸಿದ. ಹೆಂಡತಿ ನೀರಿನ ಲೋಟ ಇಟ್ಟು ಪಾತಿಯ ಕಡೆ ಹೋದ ಮೇಲೆ ಮಾತ್ರೆಯನ್ನು ಜೇಬಿಗೆ ಹಾಕಿಕೊಂಡು, ಶಾಲೆಯ ದಾರಿಯಲ್ಲಿ ಹಿನ್ನೀರಿಗೆ ಎಸೆಯುತ್ತಿದ್ದ. ಎಸೆದಾಗಲೆಲ್ಲ ಆಚೀಚೆ ನೋಡುತ್ತಿದ್ದ.

ಬಿ.ಪಿ. ಮತ್ತೆ ಏರಿತು. ವಿದಾ ಎರಡು ಸಲ ಅಳೆದು ನೋಡಿ ಗಾಬರಿಯಾದಳು. ಮಾತ್ರೆ ತೆಗೆದುಕೊಳ್ಳುತ್ತೀರಾ ಎಂದು ಕೇಳಲೇ ಇಲ್ಲ. “ನಿಮ್ಮನ್ನ ಕೇಳೋ ಹಾಗೇ ಇಲ್ಲ ಬಿಡಿ ಮೇಷ್ಟ್ರೇ. ಆ ಗಂಟೇ ಬೆಳೆದಿರ್ಬೇಕು. ನಾಳೇನೇ ಡಾಕ್ಟ್ರ ಹತ್ರ ಹೋಗಿ,” ಎಂದಳು. ಹಿಂದೆ ಅವಳು ಬೈದಾಗ ಕಿವಿ ಬಿಸಿಯಾಗಿತ್ತು. ಈಗ ಅವಳು ನಂಬಿದ್ದಕ್ಕೆ ಅವನಿಗೆ ತಲೆ ಎತ್ತಲಾಗಲಿಲ್ಲ.

ಮರುದಿನ ಮವುಸಿಯೂ ಜೊತೆಗೆ ಬಂದಳು. ಅಯಾಮ್ಗಾ ಬಿ.ಪಿ. ನೋಡಿ, ಹುಬ್ಬು ಗಂಟಿಕ್ಕಿ, ಮಾತ್ರೆ ದುಪ್ಪಟ್ಟು ಮಾಡಿ ಬರೆಯತೊಡಗಿದಳು.

“ದಿನಾ ತಪ್ಪದೆ ತಗೋತಾನೆ ಡಾಕ್ಟ್ರೇ. ಈ ವಿಷಯದಲ್ಲಿ ಅವನನ್ನ ಯಾರೂ ಏನೂ ಅನ್ನೋ ಹಾಗಿಲ್ಲ,” ಎಂದಳು ಮವುಸಿ.

ಸೆನಾನುವಿಗೆ ಇನ್ನು ತಡೆಯಲಾಗಲಿಲ್ಲ. “ನಿಲ್ಸಿ ಡಾಕ್ಟ್ರೇ. ಬರೀಬೇಡಿ. ನಾನು ನುಂಗ್ತಿಲ್ಲ.”

ಮವುಸಿ ತಿರುಗಿ ನೋಡಿದಳು. “ಏನಂದೆ?”

ಅವನು ಅಂಗಿಯ ಗುಂಡಿ ಬಿಚ್ಚಿ ಎರಡೂ ಬನಿಯನ್ ಮೇಲಕ್ಕೆತ್ತಿದ. ಡಾಕ್ಟರ್ ಪೆನ್ನು ಕೆಳಗಿಟ್ಟಳು.

“ಇದು ಮಾತ್ರೆಯಿಂದಲೇ. ಕೆಲವು ಗಂಡಸರಿಗೆ ಹೀಗಾಗುತ್ತೆ. ಮೊದಲೇ ಹೇಳ್ಬೇಕಾಗಿತ್ತು. ನೀವು ಎದ್ದು ನಿಂತ ಖುಷೀಲಿ ನಾನೂ ಮರೆತೆ. ನನ್ನದೂ ತಪ್ಪಿದೆ.”

“ಇದಕ್ಕಾ?” ಮವುಸಿಯ ದನಿ ಏರಿತು. “ಇದಕ್ಕೆ ಸಾಯೋಕೆ ಹೊರಟಿದ್ಯಾ? ನನ್ನ ಅಡುಗೆ ಮೈಗೆ ಹತ್ತಿ ದಪ್ಪ ಆಗ್ತಿದಾನೆ ಅಂತ ನಾನು ಒಳಗೊಳಗೇ ಹಿಗ್ತಿದ್ದೆನಲ್ಲೋ!”

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ಸೆನಾನುವೂ ನಕ್ಕ. ಮವುಸಿ ಮಾತ್ರ ನಗಲಿಲ್ಲ.

ವಾಪಸು ಬರುವಾಗ ವ್ಯಾನಿನಲ್ಲಿ ಒಣಮೀನಿನ ಬುಟ್ಟಿಗಳ ನಡುವೆ ಒತ್ತಿಕೊಂಡು ಕುಳಿತಿದ್ದರು. ಅನ್ಲೊಗಾ ಊರು ದಾಟುವವರೆಗೆ ಅವಳು ಕಿಟಕಿಯಾಚೆಯೇ ನೋಡುತ್ತಿದ್ದಳು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು: “ನೀನು ನಿಜ ಹೇಳಿದಷ್ಟು ದಿನ ನಾನು ನಂಬಲಿಲ್ಲ. ಅದು ನನ್ನ ತಪ್ಪು. ಈಗ ನಂಬಿದೆ, ನೀನು ಸುಳ್ಳು ಹೇಳ್ದೆ. ಸಂತೇಲಿ ನಿಂತು ನಿನ್ನ ಹೊಗಳ್ತಿದ್ದೆ ನಾನು. ಇನ್ನು ನಿನ್ನ ಯಾವ ಮಾತು ನಂಬ್ಲಿ, ಹೇಳು.”

“ನಾಚ್ಕೆ ಆಯ್ತು ಕಣೇ.”

“ನನ್ ಹತ್ರಾನೂ?”

“ನಿನ್ ಹತ್ರಾನೇ ಜಾಸ್ತಿ.”

ಅವಳು ಮತ್ತೆ ಕಿಟಕಿಯ ಕಡೆ ತಿರುಗಿದಳು. ಇಳಿಯುವ ಹೊತ್ತಿಗೆ ಅವನ ಅಂಗಿಯ ಮೇಲಿನ ಗುಂಡಿ ಹಾಕಿದಳು; ಆಸ್ಪತ್ರೆಯಿಂದ ಅದು ಬಿಚ್ಚಿಯೇ ಇತ್ತು.

ಉಳಿದದ್ದು ಶಸ್ತ್ರಚಿಕಿತ್ಸೆ. ಮಗಳ ಮನೆಯಲ್ಲಿ ಉಳಿದುಕೊಂಡು ಅಕ್ರಾದ ದೊಡ್ಡ ಆಸ್ಪತ್ರೆಗೆ ಓಡಾಡಿದರು. ಖರ್ಚಿಗೆ ಸರ್ಕಾರದ ವಿಮೆ ಸ್ವಲ್ಪ, ಆ ವರ್ಷದ ಈರುಳ್ಳಿ ಸ್ವಲ್ಪ, ರೆಫರಿಗಳ ಸಂಘ ಸ್ವಲ್ಪ ಆದವು. ಫೊಲಿ ತನ್ನ ಅಂಗಡಿಯಲ್ಲಿ ಡಬ್ಬಿಯಿಟ್ಟು ಗಿರಾಕಿಗಳ ಕೈಯಿಂದ ಹಾಕಿಸಿದ. ಬಲಗಡೆಯ ಗ್ರಂಥಿಯೂ ಒಳಗೊಳಗೇ ಅದೇ ಆಟ ಆಡುತ್ತಿದೆಯೋ ಎಂದು ಪರೀಕ್ಷಿಸುವ ಅನುಕೂಲ ಅಲ್ಲಿ ಇರಲಿಲ್ಲ. ಸರ್ಜನ್ ಅದನ್ನು ಮುಚ್ಚಿಡದೆ ಹೇಳಿದ: “ತೆಗೆದ್ಮೇಲೂ ಬಿ.ಪಿ. ಪೂರ್ತಿ ಇಳಿಯದೇ ಇರಬಹುದು. ಒಪ್ಪಿಗೆನಾ?”

ಸೆನಾನು ಹೆಂಡತಿಯ ಕಡೆ ನೋಡಿದ. “ಹೆದರಿಕೆ ಇದೆ. ಆದ್ರೂ ಮಾಡಿ,” ಎಂದ.

ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಆಯಿತು. ಮರುದಿನ ಬೆಳಗ್ಗೆ ಬಿ.ಪಿ. ನೋಡಿದ ನರ್ಸ್, ಯಂತ್ರ ಕೆಟ್ಟಿರಬೇಕೆಂದು ಇನ್ನೊಂದು ತಂದು ನೋಡಿದಳು. ಅಷ್ಟು ಇಳಿದಿತ್ತು. ಪೊಟ್ಯಾಷಿಯಂ ತಾನಾಗಿಯೇ ಸರಿಹೋಯಿತು. ಮುಂದಿನ ತಿಂಗಳುಗಳಲ್ಲಿ ಒತ್ತಡ ಮತ್ತೆ ತುಸು ಏರಿದ್ದು ನಿಜ. ಇಷ್ಟು ವರ್ಷ ಬಿಗಿದಿದ್ದ ರಕ್ತನಾಳ ಒಂದೇ ದಿನಕ್ಕೆ ಸಡಿಲಾಗುವುದಿಲ್ಲ ಎಂದು ಅಯಾಮ್ಗಾ ಮೊದಲಿನ ಬಿ.ಪಿ. ಮಾತ್ರೆಗಳಲ್ಲೊಂದನ್ನು ಮುಂದುವರಿಸಿದಳು. ಅದನ್ನು ಸೆನಾನು ಹೆಂಡತಿಯ ಎದುರಿಗೇ ನುಂಗುತ್ತಾನೆ, ಅವಳು ಕೇಳಿದ್ದಕ್ಕಲ್ಲ. ಎದೆಯ ಉಬ್ಬು ಬಹುಪಾಲು ಇಳಿಯಿತು, ಪೂರ್ತಿ ಅಲ್ಲ. ಫೊಲಿ ಈಗಲೂ ಆಗಾಗ ಬಾಯಿ ಹರಿಬಿಡುತ್ತಾನೆ. ಸೆನಾನು ಈಗ ಅಷ್ಟೇ ಜೋರಾಗಿ ತಿರುಗಿ ಬೈಯುತ್ತಾನೆ.

ಅಫೆಲಿಕೊಪೆಯವರ ಮನಸ್ಸನ್ನು ಮಾತ್ರ ಯಾವ ಆಸ್ಪತ್ರೆಗೂ ಬದಲಿಸಲಾಗಲಿಲ್ಲ. ಕೇಟಾ ಸಂತೆಯಲ್ಲಿ ಆ ಊರಿನ ಗೋಲ್‌ಕೀಪರನ ಅಪ್ಪ ಸಿಕ್ಕಿದ.

“ಏನೋ ಗ್ರಂಥಿ ತೆಗೆಸಿದ್ರಂತೆ, ಎಫೊ ಸೆನಾನು?” ಎಫೊ ಎಂದರೆ ಅಲ್ಲಿ ಅಣ್ಣ.

“ಹೂಂ ಎಫೊ. ಕಾಲು ಹೋಗಿದ್ದು ಅದರಿಂದಲೇ.”

“ಇರ್ಲಿ, ಒಪ್ಕೊಂಡೆ. ಆದ್ರೆ ಆ ಗ್ರಂಥಿಗೆ ನಮ್ಮೂರ ಮೈದಾನವೇ ಬೇಕಿತ್ತಾ? ಆ ಪೆನಾಲ್ಟಿ ಹೊತ್ತೇ ಬೇಕಿತ್ತಾ?”

“ಅವತ್ತು ಮಧ್ಯಾಹ್ನ ಅಕ್ಪ್ಲೆ ಜಾಸ್ತಿ ತಿಂದಿದ್ದೆ. ಹಿಟ್ಟಿನ ಊಟ ಜಾಸ್ತಿ ಆದ್ರೆ ರಕ್ತದಲ್ಲಿ ಉಳಿದಿರೋ ಪೊಟ್ಯಾಷಿಯಂ ಇನ್ನೂ ಇಳಿಯುತ್ತಂತೆ. ಡಾಕ್ಟರ್ ಹೇಳಿದ್ರು.”

ಆ ಮನುಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. “ಅಕ್ಪ್ಲೆ! ಕೇಳ್ರಪ್ಪೋ, ಅಕ್ಪ್ಲೆ ತಿಂದು ಕಾಲು ಹೋಯ್ತಂತೆ!” ಎನ್ನುತ್ತ ಮುಂದೆ ಹೋದ.

ಶಸ್ತ್ರಚಿಕಿತ್ಸೆಯಾದ ಮರುವರ್ಷ ಹೋ ಎಂಬ ಪಟ್ಟಣದಲ್ಲಿ ರೆಫರಿಗಳ ಓಟದ ಪರೀಕ್ಷೆ ನಡೆಯಿತು. ಅವನ ಅರ್ಧ ವಯಸ್ಸಿನವರ ಜೊತೆ ಸುತ್ತು ಹಾಕಿ, ಎಲ್ಲರಿಗಿಂತ ಕೊನೆಗೆ, ಆದರೆ ಗಡುವಿನೊಳಗೆ ಓಡಿ ಮುಗಿಸಿದ. ಮವುಸಿ ಗೆರೆಯ ಹತ್ತಿರ ನಿಂತು, “ಕೈ ಬೀಸು! ಕೈ ಬೀಸೋ!” ಎಂದು ಕೂಗಿ ಗಂಟಲು ಕಟ್ಟಿಸಿಕೊಂಡಳು.

ಅದಾದ ಮೇಲಿನ ಅವನ ಮೊದಲ ಪಂದ್ಯ ಎರಡು ಸಣ್ಣ ಊರುಗಳ ನಡುವೆ. ಮಳೆ ಹನಿಯುತ್ತಿತ್ತು, ಚೆಂಡು ಕೆಸರಿನಲ್ಲಿ ಕಚ್ಚಿಕೊಳ್ಳುತ್ತಿತ್ತು, ಎರಡೂ ಕಡೆ ಗೋಲಾಗಲಿಲ್ಲ. ಯಾರಿಗೂ ಕಾರ್ಡ್ ತೋರಿಸುವ ಪ್ರಸಂಗ ಬರಲಿಲ್ಲ. ಸೆನಾನು ಇಡೀ ಆಟ ಚೆಂಡಿನ ಹಿಂದೆ ಓಡಿ, ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಮನೆಗೆ ಬಂದ. ಮವುಸಿ ಬಿಸಿನೀರು ಕಾಯಿಸಿದ್ದಳು.

“ಹೇಗಾಯ್ತು ಆಟ?”

“ಏನೂ ಆಗ್ಲಿಲ್ಲ” ಎಂದ ಸೆನಾನು, ಬಾಗಿಲ ಮೆಟ್ಟಿಲ ಮೇಲೆ ಕುಳಿತು ಬೂಟು ಬಿಚ್ಚುತ್ತ. ದನಿಯಲ್ಲಿ ಸಂತೋಷ ತುಂಬಿತ್ತು.